ಉಪಗ್ರಹ ಕಕ್ಷೆಯ ಲೆಕ್ಕದಲ್ಲಿ ಸರಾಸರಿಗೆ ಬಗ್ಗದ ದೋಷ: ಮೂಲ ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಜಿಪಿಎಸ್, ಯುರೋಪಿನ ಗೆಲಿಲಿಯೋ, ಭಾರತದ ನಾವಿಕ್ ಉಪಗ್ರಹಗಳ ಕಕ್ಷೆ ನಿರ್ಣಯಕ್ಕೆ, ಅಂದರೆ ಉಪಗ್ರಹ ಯಾವ ಹೊತ್ತಿಗೆ ಎಲ್ಲಿದೆ ಎಂದು ಅಳತೆಗಳಿಂದ ಲೆಕ್ಕ ಹಾಕುವುದಕ್ಕೆ, ಕೈ ಹಾಕಿದವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಸಾಫ್ಟ್‌ವೇರ್ ಒಂದೆರಡು ಮಿಲಿಮೀಟರ್ ಅನಿಶ್ಚಿತತೆ ಎಂದು ಬರೆದುಕೊಡುತ್ತದೆ. ಮರುದಿನದ ಲೆಕ್ಕ ಅಲ್ಲಿಂದ ಹತ್ತು ಸೆಂಟಿಮೀಟರ್ ಆಚೆ ಇರುತ್ತದೆ. ಇನ್ನಷ್ಟು ಡೇಟಾ ಸೇರಿಸಿದರೆ ಬರೆದುಕೊಟ್ಟ ಅನಿಶ್ಚಿತತೆ ಇನ್ನೂ ಇಳಿಯುತ್ತದೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಈ ಕ್ಷಣದ ದೋಷ ಮುಂದಿನ ಕ್ಷಣದ ದೋಷಕ್ಕೆ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಇಂಥ ದೋಷಕ್ಕೆ ಹಲವು ಮೂಲಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಗುರುತಿದೆ.

ಹುಡುಕುವ ಕ್ರಮ ಇಲ್ಲಿ ತುಂಬ ಮುಖ್ಯ. ಕಕ್ಷೆಯ ಮಾದರಿಗೆ ಹೊಸ ಪ್ಯಾರಾಮೀಟರ್ ಸೇರಿಸಿದರೆ ಉಳಿಕೆ (ಅಳತೆಗೂ ಮಾದರಿಯ ಲೆಕ್ಕಕ್ಕೂ ಇರುವ ವ್ಯತ್ಯಾಸ) ಯಾವಾಗಲೂ ಕಡಿಮೆಯಾಗುತ್ತದೆ, ನಿಜವಾದ ಕಾರಣ ನಿಮ್ಮ ತಾರಸಿಯ ಮೇಲಿದ್ದರೂ ಸರಿ. ಹಾಗಾಗಿ ಮೊದಲು ಹೋಲಿಕೆಯನ್ನು ಸರಿಮಾಡಿ, ಆಮೇಲೆ ಸ್ಟೇಷನ್ (ರಿಸೀವರ್, ಆಂಟೆನಾ ಇರುವ ಜಾಗ), ಆಮೇಲೆ ವಾತಾವರಣ, ಕೊನೆಗೆ ಬಲಗಳ ಮಾದರಿ. ಸುರತ್ಕಲ್, ಮಣಿಪಾಲದ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುವವರನ್ನೂ ಮಂಗಳೂರು-ಉಡುಪಿ ಕಡೆ ಸ್ವಂತ ರಿಸೀವರ್ ಇಟ್ಟುಕೊಂಡವರನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇವೆ.

## 1. ಬೇಕಾದ ಸಾಮಗ್ರಿ

ಎರಡು ಫ್ರೀಕ್ವೆನ್ಸಿಯ ರಿಸೀವರ್, 30 ಸೆಕೆಂಡಿಗೊಂದು ದಾಖಲೆ, ನಡುವೆ ತುಂಡಾಗದ ಕನಿಷ್ಠ 10 ದಿನಗಳ ಡೇಟಾ ಬೇಕು. ಜೊತೆಗೆ ಬೆಂಗಳೂರಿನ ಐಐಎಸ್‌ಸಿ ಮತ್ತು ಹೈದರಾಬಾದಿನ ಐಜಿಎಸ್ (ಇಂಥ ಉಪಗ್ರಹಗಳ ಡೇಟಾ, ಕಕ್ಷೆ ಹಂಚುವ ಅಂತರರಾಷ್ಟ್ರೀಯ ಸೇವೆ) ಸ್ಟೇಷನ್‌ಗಳ ಅದೇ ದಿನಗಳ ಡೇಟಾ ಇಳಿಸಿಕೊಳ್ಳಿ. ಜಿಪಿಎಸ್‌ನಂಥ ಮಧ್ಯಮ ಎತ್ತರದ ಕಕ್ಷೆಗೆ ಭಾರತದ ಎರಡು ಮೂರು ಸ್ಟೇಷನ್ ಸಾಲದು. ಉಪಗ್ರಹ ನಮ್ಮ ಆಕಾಶದಲ್ಲಿರುವುದು ಕೆಲವೇ ಗಂಟೆ, ಉಳಿದ ಹೊತ್ತು ಅದನ್ನು ನೋಡುವುದಕ್ಕೆ ಭೂಮಿಯ ಸುತ್ತ ಹರಡಿದ ಹಲವು ಹತ್ತು ಸ್ಟೇಷನ್‌ಗಳ ಡೇಟಾ ಬೇಕೇ ಬೇಕು.

ಹೋಲಿಸಲು ಐಜಿಎಸ್‌ನ ಅಂತಿಮ ಕಕ್ಷೆ ಬಳಸಿ. ಅದರ ನಿಖರತೆ ಸುಮಾರು 2.5 ಸೆಂಟಿಮೀಟರ್, ಕೈಗೆ ಸಿಗಲು ಎರಡು ವಾರದಷ್ಟು ಕಾಯಬೇಕು. ಉಪಗ್ರಹವೇ ಪ್ರಸಾರ ಮಾಡುವ ಕಕ್ಷೆಯ ದೋಷ ಒಂದು ಮೀಟರಿನ ಆಸುಪಾಸು, ಇದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಕಕ್ಷೆ, ಗಡಿಯಾರ, ಭೂಭ್ರಮಣದ ಫೈಲ್ ಮೂರೂ ಒಂದೇ ವಿಶ್ಲೇಷಣಾ ಕೇಂದ್ರದ್ದಾಗಿರಲಿ. ಒಂದು ಕೇಂದ್ರದ ಕಕ್ಷೆಗೆ ಇನ್ನೊಂದರ ಗಡಿಯಾರ ಜೋಡಿಸಿದರೆ ನಿಧಾನವಾಗಿ ಏರಿಳಿಯುವ ಸುಳ್ಳು ದೋಷ ಅಲ್ಲೇ ಹುಟ್ಟುತ್ತದೆ.

ಸಾಫ್ಟ್‌ವೇರ್ ವಿಷಯದಲ್ಲಿ ಗೊಂದಲ ಬೇಡ. ಆರ್‌ಟಿಕೆ-ಲಿಬ್, ಪ್ರೈಡ್ ಇವು ಬೇರೆಯವರ ಕಕ್ಷೆ ತೆಗೆದುಕೊಂಡು ನಿಮ್ಮ ಸ್ಥಾನ ಹೇಳುತ್ತವೆ, ಕಕ್ಷೆ ನಿರ್ಣಯ ಮಾಡುವುದಿಲ್ಲ. ಉಚಿತವಾಗಿ ಕಕ್ಷೆ ನಿರ್ಣಯ ಮಾಡಲು ಆಸ್ಟ್ರೇಲಿಯಾದ ಗಿನಾನ್ ಇದೆ. ಬಲಗಳ ಮಾದರಿಯನ್ನು ಕೈಯಾರೆ ಬಿಚ್ಚಿ ನೋಡಬೇಕೆಂದರೆ ಓರೆಕಿಟ್ ಒಳ್ಳೆಯದು. ಗ್ರಾಫ್, ಆಟೋಕೋರಿಲೇಷನ್ (ಸರಣಿ ತನ್ನದೇ ಹಿಂದಿನ ಬೆಲೆಗಳನ್ನು ಎಷ್ಟು ಹೋಲುತ್ತದೆ ಎಂಬ ಅಳತೆ), ಸ್ಪೆಕ್ಟ್ರಮ್ (ಯಾವ ಆವರ್ತದ ಅಲೆ ಎಷ್ಟಿದೆ ಎಂಬ ಲೆಕ್ಕ) ಇವಕ್ಕೆ ಪೈಥಾನ್ ಸಾಕು.

## 2. ಮೊದಲು ಹೋಲಿಕೆ ಸರಿಯಿರಲಿ

ಎರಡು ಕಕ್ಷೆಗಳ ವ್ಯತ್ಯಾಸವನ್ನು ದೋಷ ಎಂದು ಕರೆಯುವ ಮೊದಲು ನಾಲ್ಕು ವಿಷಯ ನೋಡಿ.

ಕಾಲಮಾನ. ಜಿಪಿಎಸ್ ಸಮಯ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ, ಚೀನಾದ ಬೈದೌ ಸಮಯ ಜಿಪಿಎಸ್‌ಗಿಂತ 14 ಸೆಕೆಂಡ್ ಹಿಂದಿದೆ. ಜಿಪಿಎಸ್ ಉಪಗ್ರಹ ಸೆಕೆಂಡಿಗೆ ಸುಮಾರು 3.9 ಕಿಲೋಮೀಟರ್ ಓಡುತ್ತದೆ. ಚಲನೆಯ ದಿಕ್ಕಿನಲ್ಲಿ ಸುಮಾರು 70 ಕಿಲೋಮೀಟರ್ ವ್ಯತ್ಯಾಸ ಕಂಡರೆ 18 ಸೆಕೆಂಡ್ ತಪ್ಪಿದೆ ಎಂದೇ ಅರ್ಥ.

ಬಿಂದು. ಎಸ್‌ಪಿ3 ಎಂಬ ಕಕ್ಷೆಯ ಫೈಲ್ ಕೊಡುವುದು ಉಪಗ್ರಹದ ದ್ರವ್ಯಕೇಂದ್ರ, ಪ್ರಸಾರ ಕಕ್ಷೆ ಕೊಡುವುದು ಆಂಟೆನಾದ ಫೇಸ್ ಸೆಂಟರ್, ಅಂದರೆ ಸಿಗ್ನಲ್ ಹೊರಡುವ ಬಿಂದು. ಇವೆರಡರ ನಡುವಿನ ಅಂತರ ಉಪಗ್ರಹದಿಂದ ಉಪಗ್ರಹಕ್ಕೆ ಬೇರೆ. ಈ ಅಂತರಗಳನ್ನು ಕೊಡುವ ಆಂಟೆಕ್ಸ್ ಫೈಲ್ ಉತ್ಪನ್ನದ ಕಾಲಕ್ಕೆ ಹೊಂದಬೇಕು. 2022ರ ನವೆಂಬರ್ 27ರಿಂದ ಐಜಿಎಸ್ ಉತ್ಪನ್ನಗಳು ಐಜಿಎಸ್20 ಎಂಬ ನಿರ್ದೇಶಾಂಕ ಚೌಕಟ್ಟಿಗೆ ಬದಲಾದವು. ಆ ದಿನಾಂಕದ ಎರಡೂ ಬದಿಯ ಡೇಟಾ ಬೆರೆಸಿ ಒಂದೇ ಆಂಟೆಕ್ಸ್ ಹಾಕಿದರೆ ಸರಣಿಯಲ್ಲಿ ಮೆಟ್ಟಿಲು ಬೀಳುತ್ತದೆ.

ಚೌಕಟ್ಟು. ಎಲ್ಲ ಉಪಗ್ರಹಗಳ ವ್ಯತ್ಯಾಸ ಒಟ್ಟಾಗಿ ಒಂದೇ ಕಡೆ ತಿರುಗಿದಂತಿದ್ದರೆ ಅದು ಚೌಕಟ್ಟಿನ ತಿರುವು. ದಿನಕ್ಕೊಂದು ಹೆಲ್ಮರ್ಟ್ ರೂಪಾಂತರ (ಒಂದು ಚೌಕಟ್ಟನ್ನು ಸರಿಸಿ, ತಿರುಗಿಸಿ ಇನ್ನೊಂದರ ಮೇಲೆ ಕೂರಿಸುವುದು) ಲೆಕ್ಕ ಹಾಕಿ ತೆಗೆಯಿರಿ, ಆದರೆ ತೆಗೆದ ತಿರುವಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಭೂಭ್ರಮಣದ ದೋಷ ಅಲ್ಲೇ ಅಡಗಿರಬಹುದು.

ಇಂಟರ್‌ಪೊಲೇಷನ್, ಅಂದರೆ ಕೊಟ್ಟ ಬಿಂದುಗಳ ನಡುವಿನ ಸ್ಥಾನ ಲೆಕ್ಕ ಹಾಕುವುದು. 15 ನಿಮಿಷದ ಎಸ್‌ಪಿ3ಗೆ 9ರಿಂದ 11ನೇ ಘಾತದ ಲಾಗ್ರಾಂಜ್ ಬಹುಪದಿ ಬಳಸಿ, ಹಿಂದಿನ ಮತ್ತು ಮುಂದಿನ ದಿನದ ಫೈಲ್‌ಗಳನ್ನೂ ಜೋಡಿಸಿ. ದಿನದ ಮೊದಲ ಮತ್ತು ಕೊನೆಯ ಒಂದು ಗಂಟೆಯಲ್ಲಿ ಮಾತ್ರ ದೋಷ ಉಬ್ಬಿದ್ದರೆ ಪಕ್ಕದ ದಿನದ ಫೈಲ್ ಇಲ್ಲದಿರುವುದೇ ಕಾರಣ. ಇನ್ನೊಂದು ಮಾತು: 15 ನಿಮಿಷದ ಕಕ್ಷೆಯನ್ನು 30 ಸೆಕೆಂಡಿಗೆ ಒಡೆದರೆ ಸಾಲುಗಳು 30 ಪಟ್ಟು ಹೆಚ್ಚುತ್ತವೆ, ಮಾಹಿತಿ ಹೆಚ್ಚುವುದಿಲ್ಲ. ಅಂಥ ಸರಣಿಯ ಆಟೋಕೋರಿಲೇಷನ್ ನಿಮ್ಮ ಬಹುಪದಿಯ ಗುಣವನ್ನೇ ತೋರಿಸುತ್ತದೆ.

## 3. ವ್ಯತ್ಯಾಸವನ್ನು ಮೂರು ದಿಕ್ಕಿಗೆ ಒಡೆಯಿರಿ

ಎಕ್ಸ್, ವೈ, ಝಡ್‌ನಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ವ್ಯತ್ಯಾಸವನ್ನು ರೇಡಿಯಲ್ (ಭೂಕೇಂದ್ರದಿಂದ ಹೊರಕ್ಕೆ), ಅಲಾಂಗ್-ಟ್ರ್ಯಾಕ್ (ಚಲನೆಯ ದಿಕ್ಕು), ಕ್ರಾಸ್-ಟ್ರ್ಯಾಕ್ (ಕಕ್ಷಾತಲಕ್ಕೆ ಲಂಬ) ದಿಕ್ಕುಗಳಿಗೆ ತಿರುಗಿಸಿ, ಒಂದೊಂದು ಉಪಗ್ರಹಕ್ಕೂ ಬೇರೆ ಗ್ರಾಫ್ ಹಾಕಿ. ಕಕ್ಷಾ ಚಲನೆಯ ನಿಯಮವೇ ಇಲ್ಲಿ ಕಾರಣ ಹೇಳಿಕೊಡುತ್ತದೆ. ಈ ಹಂತಕ್ಕೆ ಬೇಕಾದಷ್ಟು ಹೊತ್ತು ಕೊಡಿ.

ರೇಡಿಯಲ್‌ನಲ್ಲಿ ಪ್ರತಿ ಸುತ್ತಿಗೆ ಒಂದು ಅಲೆ, ಅಲಾಂಗ್-ಟ್ರ್ಯಾಕ್‌ನಲ್ಲಿ ಅದರ ಎರಡರಷ್ಟು ಎತ್ತರದ ಅಲೆ, ಎರಡರ ನಡುವೆ ಕಾಲು ಸುತ್ತಿನ ಅಂತರ: ಇದು ಆರಂಭಿಕ ಸ್ಥಿತಿಯ ದೋಷ. ಎರಡಕ್ಕೊಂದು ಎಂಬ ಈ ಅನುಪಾತ ಕಂಡರೆ ಕಕ್ಷೆಯನ್ನು ಡೇಟಾ ಗಟ್ಟಿಯಾಗಿ ಹಿಡಿದಿಲ್ಲ ಎಂದು ತಿಳಿಯಿರಿ.

ಅಲಾಂಗ್-ಟ್ರ್ಯಾಕ್ ದೋಷ ಕಾಲದ ವರ್ಗಕ್ಕೆ ತಕ್ಕಂತೆ ಏರುತ್ತಿದ್ದರೆ ಚಲನೆಯ ದಿಕ್ಕಿನಲ್ಲಿ ಸ್ಥಿರವಾದ ಯಾವುದೋ ಬಲ ಲೆಕ್ಕಕ್ಕೆ ಸಿಕ್ಕಿಲ್ಲ. ಈ ದೋಷದ ಪ್ರಮಾಣ ವೇಗವರ್ಧನೆಯ ಒಂದೂವರೆ ಪಟ್ಟನ್ನು ಕಾಲದ ವರ್ಗದಿಂದ ಗುಣಿಸಿದಷ್ಟು. ಸೆಕೆಂಡ್ ವರ್ಗಕ್ಕೆ ಒಂದು ಮೀಟರಿನ ಸಾವಿರ ಕೋಟಿಯ ಒಂದು ಭಾಗದಷ್ಟು ಪುಟ್ಟ ಬಲ ತಪ್ಪಿದರೂ ಒಂದೇ ದಿನದಲ್ಲಿ ಸುಮಾರು 1.1 ಮೀಟರ್ ದೋಷ ಕೂಡುತ್ತದೆ.

ರೇಡಿಯಲ್‌ನಲ್ಲಿ ಅಲುಗದ ಸ್ಥಿರ ಅಂತರ ಇದ್ದು ಅಲಾಂಗ್-ಟ್ರ್ಯಾಕ್ ಶಾಂತವಾಗಿದ್ದರೆ ಭೂಮಿಯಿಂದ ಹೊರಮುಖವಾದ ಬಲವೊಂದು ಬಿಟ್ಟುಹೋಗಿದೆ. ಮೇಲಿನದರ ಹತ್ತು ಪಟ್ಟು ಬಲ ಈ ದಿಕ್ಕಿನಲ್ಲಿ ತಪ್ಪಿದರೆ ಜಿಪಿಎಸ್ ಎತ್ತರದಲ್ಲಿ ಸುಮಾರು 1.6 ಸೆಂಟಿಮೀಟರ್ ಅಂತರ ಉಳಿಯುತ್ತದೆ, ಅಷ್ಟೇ. ಒಂದು ದಿಕ್ಕಿನಲ್ಲಿ ಮೀಟರ್, ಇನ್ನೊಂದರಲ್ಲಿ ಸೆಂಟಿಮೀಟರ್. ಮೂರೂ ದಿಕ್ಕಿನ ದೋಷವನ್ನು ಕೂಡಿಸಿ ಒಂದೇ ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಸಂಖ್ಯೆ ಬರೆಯುವುದು ಅದಕ್ಕೇ ತಪ್ಪು.

ಇದ್ದಕ್ಕಿದ್ದಂತೆ ಮುರಿದು ಬೇರೆ ದಾರಿ ಹಿಡಿದ ಗ್ರಾಫ್ ಕಂಡರೆ ಥ್ರಸ್ಟರ್ ಉರಿದಿರಬಹುದು. ಜಿಪಿಎಸ್‌ಗಾದರೆ ನಾನು (NANU) ಎಂಬ ಸೂಚನಾಪತ್ರಗಳಲ್ಲಿ ಆ ದಿನಾಂಕ ನೋಡಿ, ಅಲ್ಲಿಂದ ಹೊಸ ಆರ್ಕ್ (ಒಂದೇ ಲೆಕ್ಕದಲ್ಲಿ ಕೂರಿಸುವ ಕಕ್ಷೆಯ ತುಂಡು) ಶುರು ಮಾಡಿ.

## 4. ದೋಷ ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಎಂದು ಅಳೆಯಿರಿ

ಸರಣಿಯಿಂದ ಸರಾಸರಿ ಮತ್ತು ನೇರ ಏರಿಕೆಯನ್ನು ತೆಗೆದು ಆಟೋಕೋರಿಲೇಷನ್ ಹಾಕಿ. ಅದು 1ರಿಂದ ಇಳಿದು 0.37ಕ್ಕೆ ಬರುವ ಹೊತ್ತನ್ನು ಸಹಸಂಬಂಧದ ಕಾಲ ಎಂದು ಇಟ್ಟುಕೊಳ್ಳಿ. ಒಟ್ಟು ಅವಧಿಯನ್ನು ಇದರ ಎರಡರಷ್ಟರಿಂದ ಭಾಗಿಸಿದರೆ ನಿಜವಾಗಿ ಸ್ವತಂತ್ರವಾದ ಅಳತೆಗಳು ಎಷ್ಟಿವೆ ಎಂಬ ಅಂದಾಜು ಸಿಗುತ್ತದೆ.

ಉದಾಹರಣೆಗೆ 30 ಸೆಕೆಂಡಿಗೊಂದರಂತೆ ಒಂದು ದಿನಕ್ಕೆ 2880 ಅಳತೆ. ಸಹಸಂಬಂಧದ ಕಾಲ ಒಂದು ಗಂಟೆಯಾದರೆ ಸ್ವತಂತ್ರ ಅಳತೆ ಬರೇ 12. ಒಂದೊಂದು ಅಳತೆಯ ದೋಷ 2 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸಾಫ್ಟ್‌ವೇರ್ 2880ರ ವರ್ಗಮೂಲದಿಂದ ಭಾಗಿಸಿ 0.37 ಮಿಲಿಮೀಟರ್ ಎನ್ನುತ್ತದೆ, ನಿಜವಾದದ್ದು 5.8 ಮಿಲಿಮೀಟರ್. ಹದಿನೈದು ಪಟ್ಟು ವ್ಯತ್ಯಾಸ! ಮೊದಲಲ್ಲಿ ಹೇಳಿದ ಹುಸಿ ನಿಖರತೆ ಹುಟ್ಟುವುದು ಇಲ್ಲೇ.

ಆಟೋಕೋರಿಲೇಷನ್ ಸುಮ್ಮನೆ ಇಳಿಯದೆ ಮತ್ತೆ ಮೇಲೆದ್ದರೆ ಅಲ್ಲಿ ಆವರ್ತವಿದೆ. ಆಗ ಸ್ಪೆಕ್ಟ್ರಮ್‌ಗೆ ಹೋಗಿ. ಕರೆಂಟು ಹೋಗಿ ಡೇಟಾ ತುಂಡಾಗಿದ್ದರೆ ಖಾಲಿ ಜಾಗ ತುಂಬಲು ಹೋಗಬೇಡಿ, ತುಂಡು ಡೇಟಾದಿಂದಲೂ ಸ್ಪೆಕ್ಟ್ರಮ್ ಕೊಡುವ ಲೋಂಬ್-ಸ್ಕಾರ್ಗಲ್ ವಿಧಾನ ಬಳಸಿ.

## 5. ತಾರಸಿಯನ್ನು ಪರೀಕ್ಷಿಸಿ

ಜಿಪಿಎಸ್ ಉಪಗ್ರಹ ಪ್ರತಿದಿನ ಸುಮಾರು 4 ನಿಮಿಷ ಬೇಗ ಆಕಾಶದ ಅದೇ ಜಾಗಕ್ಕೆ ಬರುತ್ತದೆ. ನಿಖರವಾಗಿ ಹೇಳಬೇಕೆಂದರೆ 245 ಸೆಕೆಂಡಿನ ಆಸುಪಾಸು, ಉಪಗ್ರಹದಿಂದ ಉಪಗ್ರಹಕ್ಕೆ ಕೆಲವು ಸೆಕೆಂಡ್ ಹೆಚ್ಚುಕಡಿಮೆ. ಸುತ್ತಲಿನ ವಸ್ತುಗಳಿಂದ ಪ್ರತಿಫಲಿಸಿ ಬರುವ ಸಿಗ್ನಲ್ಲಿನ ದೋಷವೂ ಅದೇ ಲೆಕ್ಕದಲ್ಲಿ ಮರುಕಳಿಸುತ್ತದೆ. ಒಂದು ಉಪಗ್ರಹದ ಇವತ್ತಿನ ಉಳಿಕೆಯನ್ನು ಅಷ್ಟು ಸೆಕೆಂಡ್ ಸರಿಸಿ ನಿನ್ನೆಯದರ ಮೇಲಿಡಿ. ಸಹಸಂಬಂಧ 0.5 ದಾಟಿದರೆ ಕಕ್ಷೆಯನ್ನು ದೂರುವ ಮೊದಲು ಮೇಲೆ ಹತ್ತಿ ಆಂಟೆನಾ ನೋಡಿ. ಇದೇ ಪರೀಕ್ಷೆಗೆ ರಷ್ಯಾದ ಗ್ಲೊನಾಸ್‌ಗೆ 8 ದಿನ, ಗೆಲಿಲಿಯೋಗೆ 10 ದಿನ, ಬೈದೌನ ಮಧ್ಯಮ ಕಕ್ಷೆಗೆ 7 ದಿನದ ಅಂತರ ಬೇಕು.

ನಮ್ಮ ಕಡೆ ತಾರಸಿಗೆ ಮಳೆಗೆಂದು ಶೀಟು ಹೊದಿಸದ ಮನೆ, ಕಟ್ಟಡ ಕಡಿಮೆ. ಶೀಟಿನಿಂದ 1.5 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ ಪ್ರತಿಫಲನದ ಅಲೆ ಸುಮಾರು 8ರಿಂದ 15 ನಿಮಿಷದ್ದು. ಇದನ್ನು ಗುರುತಿಸುವುದು ಸುಲಭ. ಅದೇ ಆಂಟೆನಾ ಶೀಟಿಗೆ ಒಂದು ಗೇಣು ಮೇಲೆ ಕೂತಿದ್ದರೆ ಅಲೆ ಒಂದೂವರೆ ಗಂಟೆಗೆ ಹಿಗ್ಗುತ್ತದೆ, ಆಗ ಅದು ನೀರಾವಿಯ ದೋಷದಂತೆಯೋ ಕಕ್ಷೆಯ ದೋಷದಂತೆಯೋ ಕಾಣುತ್ತದೆ. ಹಾಗಾಗಿ ಗಟ್ಟಿಯಾದ ಕಂಬ ನಿಲ್ಲಿಸಿ ಎತ್ತರಿಸಿ. ತೆಂಗಿನ ಗರಿ ಅಡ್ಡ ಬರುವ ದಿಕ್ಕಿನಲ್ಲಿ ದೋಷ ಮರುಕಳಿಸುವುದಿಲ್ಲ, ಗಾಳಿ ದಿನವೂ ಒಂದೇ ಥರ ಬೀಸುವುದಿಲ್ಲವಲ್ಲ. ಆ ದಿಕ್ಕನ್ನು ಮಾಸ್ಕ್ ಮಾಡುವುದೇ, ಅಂದರೆ ಅಲ್ಲಿಯ ಡೇಟಾ ಕೈಬಿಡುವುದೇ ದಾರಿ. ಸಿಮೆಂಟಿನ ತಾರಸಿ ಒದ್ದೆಯಾದಾಗ ಪ್ರತಿಫಲನ ಬದಲಾಗುವುದರಿಂದ ಒಣ ದಿನವನ್ನು ಒಣ ದಿನದ ಜೊತೆಗೇ ಹೋಲಿಸಿ.

ಆಮೇಲೆ ಬೆಂಗಳೂರಿನ ಜೊತೆ ಒಂದು ಪರೀಕ್ಷೆ. ಮಂಗಳೂರಿನಿಂದ ಐಐಎಸ್‌ಸಿ ಸ್ಟೇಷನ್ನಿಗೆ ನೇರ ದೂರ ಸುಮಾರು 300 ಕಿಲೋಮೀಟರ್, ಉಪಗ್ರಹ ಇರುವುದು 20,200 ಕಿಲೋಮೀಟರ್ ಎತ್ತರದಲ್ಲಿ. ಎರಡೂ ಊರಿನಿಂದ ನೋಡುವ ದೃಷ್ಟಿರೇಖೆಗಳ ನಡುವೆ ಒಂದು ಡಿಗ್ರಿಯೂ ಇಲ್ಲ. ಕಕ್ಷೆ ಒಂದು ಮೀಟರ್ ತಪ್ಪಿದ್ದರೂ ಎರಡು ಸ್ಟೇಷನ್‌ಗಳ ನಡುವೆ ಕಾಣುವ ವ್ಯತ್ಯಾಸ ಹೆಚ್ಚೆಂದರೆ 1.5 ಸೆಂಟಿಮೀಟರ್. ಒಂದೇ ಉಪಗ್ರಹದ ಉಳಿಕೆ ಎರಡೂ ಕಡೆ ಒಟ್ಟಿಗೆ ಏರಿಳಿದರೆ ಮೂಲ ಉಪಗ್ರಹದಲ್ಲಿ, ಅಂದರೆ ಕಕ್ಷೆ ಅಥವಾ ಗಡಿಯಾರದಲ್ಲಿದೆ. ಮಂಗಳೂರಿನಲ್ಲಿ ಮಾತ್ರ ಇದ್ದರೆ ಮೂಲ ಇಲ್ಲೇ ಇದೆ.

## 6. ಕರಾವಳಿಯ ಆಕಾಶ

ಮಳೆಗಾಲದಲ್ಲಿ ಇಲ್ಲಿ ನೀರಾವಿಯಿಂದಾಗುವ ವಿಳಂಬ ನೆತ್ತಿಯ ದಿಕ್ಕಿನಲ್ಲೇ 30 ಸೆಂಟಿಮೀಟರ್ ದಾಟಬಹುದು, ಗಂಟೆಗಟ್ಟಲೆ ನಿಧಾನವಾಗಿ ಬದಲಾಗುತ್ತದೆ. ಇದನ್ನು ರ‍್ಯಾಂಡಮ್ ವಾಕ್ (ಹೆಜ್ಜೆ ಹೆಜ್ಜೆಗೂ ಯಾದೃಚ್ಛಿಕವಾಗಿ ಸರಿಯುವ ಬೆಲೆ) ಎಂದು ತೆಗೆದುಕೊಂಡು ಅಂದಾಜು ಮಾಡಿ, ಗಂಟೆಯ ವರ್ಗಮೂಲಕ್ಕೆ 3ರಿಂದ 6 ಮಿಲಿಮೀಟರ್ ಎಂಬುದು ಸಾಮಾನ್ಯ ಮಿತಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೂ ಫೆಬ್ರವರಿಯ ಮಿತಿಯನ್ನೇ ಬಿಗಿಯಾಗಿ ಇಟ್ಟರೆ ಉಳಿದದ್ದು ಸ್ಟೇಷನ್ನಿನ ಎತ್ತರಕ್ಕೆ ಸುಮಾರು ಮೂರು ಪಟ್ಟಾಗಿ ನುಗ್ಗುತ್ತದೆ. ಎಚ್ಚರಿಕೆಯ ಗುರುತು: ಎತ್ತರ ಮತ್ತು ವಿಳಂಬದ ಗ್ರಾಫ್‌ಗಳು ಒಟ್ಟೊಟ್ಟಿಗೆ ನಡೆಯುವುದು.

ಅಯಾನುಗೋಳ ನಮ್ಮಲ್ಲಿ ಹೆಚ್ಚು ಕಾಡುತ್ತದೆ, ಕಾಂತೀಯ ಸಮಭಾಜಕ ಇಲ್ಲಿಂದ ದೂರವಿಲ್ಲ. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಂಜೆ ಏಳೂವರೆಯಿಂದ ಮಧ್ಯರಾತ್ರಿವರೆಗೆ ಸಿಗ್ನಲ್ ಮಿನುಗಿ ಸೈಕಲ್ ಸ್ಲಿಪ್ ಆಗುತ್ತದೆ, ಅಂದರೆ ರಿಸೀವರಿನ ಅಲೆಗಳ ಎಣಿಕೆ ತಪ್ಪುತ್ತದೆ. ಪ್ರತಿ ಸ್ಲಿಪ್‌ನ ನಂತರ ಹೊಸ ಆಂಬಿಗ್ಯುಟಿ (ಪೂರ್ಣ ಅಲೆಗಳ ಗೊತ್ತಿಲ್ಲದ ಸಂಖ್ಯೆ) ಅಂದಾಜಾಗಬೇಕು, ಅದರ ದೋಷ ಆ ತುಂಡಿನುದ್ದಕ್ಕೂ ಸ್ಥಿರವಾಗಿ ಉಳಿಯುತ್ತದೆ. ಅದಕ್ಕೇ ಇಲ್ಲಿಯ ಗುರುತು ಅಲೆಯಲ್ಲ, ಮೆಟ್ಟಿಲು. ಆ ಹೊತ್ತಿನ ಡೇಟಾ ಬಿಟ್ಟು ಒಮ್ಮೆ ಲೆಕ್ಕ ಹಾಕಿ, ಮೆಟ್ಟಿಲು ಮಾಯವಾಗುತ್ತದೆಯೇ ನೋಡಿ. ಎರಡು ಫ್ರೀಕ್ವೆನ್ಸಿ ಸೇರಿಸಿದ ಮೇಲೂ ಎರಡನೇ ಕ್ರಮದ ದೋಷ ಉಳಿಯುತ್ತದೆ, ಅದು ಹಗಲಿನಲ್ಲಿ ದೊಡ್ಡದು. ತಿದ್ದುಪಡಿ ಆನ್ ಮಾಡಿಡಿ.

## 7. ಆವರ್ತದಿಂದ ಮೂಲಕ್ಕೆ

ಸಾಗರದ ಉಬ್ಬರವಿಳಿತದ ಭಾರಕ್ಕೆ ನೆಲವೇ ಏರಿಳಿಯುತ್ತದೆ, ಸಮುದ್ರದ ದಡದಲ್ಲಿ ಅದನ್ನು ಬಿಡುವಂತಿಲ್ಲ. ಸ್ವೀಡನ್ನಿನ ಓನ್ಸಾಲಾ ಕೇಂದ್ರದ ಸೇವೆಯಿಂದ ನಿಮ್ಮ ಆಂಟೆನಾದ ಅಕ್ಷಾಂಶ, ರೇಖಾಂಶ ಕೊಟ್ಟು ಈ ಏರಿಳಿತದ ಬಿಎಲ್‌ಕ್ಯೂ ಫೈಲ್ ಪಡೆಯಿರಿ. ಬೆಂಗಳೂರಿನ ಫೈಲನ್ನು ಮಂಗಳೂರಿಗೆ ಹಾಕಬೇಡಿ.

ಇಲ್ಲಿ ಒಂದು ಮೋಸವಿದೆ. ದಿನಕ್ಕೊಂದು ಉತ್ತರ ತೆಗೆದರೆ 12.42 ಗಂಟೆಯ ಎಂ2 ಎಂಬ ಚಂದ್ರನ ಉಬ್ಬರ 14.77 ದಿನದ ಅಲೆಯಾಗಿ ವೇಷ ಹಾಕುತ್ತದೆ, 25.82 ಗಂಟೆಯ ಓ1 ಎಂಬುದು 14.19 ದಿನದ್ದಾಗುತ್ತದೆ. ಹದಿನೈದು ದಿನದ ಹತ್ತಿರ ಶಿಖರ ಕಂಡರೆ ಉಬ್ಬರದ ಮಾದರಿ ತಪ್ಪಿದೆ, ಕಕ್ಷೆಯಲ್ಲ.

ಕೆ2 ಮತ್ತು ಕೆ1 ಉಬ್ಬರಗಳು ಇನ್ನೂ ಕಷ್ಟ. ಕೆ2ರ ಆವರ್ತ 11.97 ಗಂಟೆ, ಜಿಪಿಎಸ್ ಕಕ್ಷೆಯದ್ದು 11 ಗಂಟೆ 58 ನಿಮಿಷ. ಎರಡೂ ಒಂದರೊಳಗೊಂದು ಬೆರೆಯುತ್ತವೆ, ಎಷ್ಟು ಡೇಟಾ ಇದ್ದರೂ ಜಿಪಿಎಸ್‌ನಿಂದ ಮಾತ್ರ ಬಿಡಿಸಲು ಆಗದು. ದಿನದೊಳಗಿನ ಭೂಭ್ರಮಣ ಮಾದರಿಯ ದೋಷವೂ ಇದೇ ದಾರಿಯಲ್ಲಿ ಕಕ್ಷೆಗೆ ಇಳಿಯುತ್ತದೆ. ಗೆಲಿಲಿಯೋದ ಸುತ್ತು 14 ಗಂಟೆ 5 ನಿಮಿಷ, ಹಾಗಾಗಿ ಅದನ್ನೂ ಸೇರಿಸಿದರೆ ಬೇರ್ಪಡಿಸಬಹುದು. 11.97 ಗಂಟೆಯನ್ನು ಸರಿಯಾಗಿ 12 ಗಂಟೆಯಿಂದ ಬಿಡಿಸಲು ಸುಮಾರು 182 ದಿನದ ಸರಣಿ ಬೇಕು. ಒಂದು ವಾರದ ಡೇಟಾದಿಂದ ಇದು ಗಡಿಯಾರದ್ದು, ಇದು ಉಬ್ಬರದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಪಗ್ರಹದ ಗಡಿಯಾರಗಳಲ್ಲೂ ಬಿಸಿಲು ನೆರಳಿನ ಪ್ರಭಾವದಿಂದ 12 ಮತ್ತು 6 ಗಂಟೆಯ ಅಲೆಗಳಿರುತ್ತವೆ.

ವರ್ಷದ ಮಟ್ಟದಲ್ಲಿ ಹುಡುಕಬೇಕಾದದ್ದು 351.4 ದಿನ. ಸೂರ್ಯನ ಎದುರು ಜಿಪಿಎಸ್ ಕಕ್ಷಾತಲಗಳು ಅದೇ ಸ್ಥಿತಿಗೆ ಮರಳುವ ಅವಧಿ ಇದು. ಇದನ್ನು 365.25 ದಿನದಿಂದ ಬಿಡಿಸಲು ಸುಮಾರು 25 ವರ್ಷದ ಸರಣಿ ಬೇಕಾದೀತು. ಅದಕ್ಕೆ ಬದಲಾಗಿ ಆರನೇ ಹಾರ್ಮೋನಿಕ್ (ಆ ಅವಧಿಯ ಆರನೇ ಒಂದು ಭಾಗದ ಅಲೆ) ನೋಡಿ, ಸುಮಾರು ನಾಲ್ಕು ವರ್ಷದ ಡೇಟಾ ಸಾಕು.

## 8. ಬಲಗಳ ಮಾದರಿ: ಒಂದು ಸಲಕ್ಕೆ ಒಂದೇ ಬದಲಾವಣೆ

ಇಷ್ಟೆಲ್ಲ ತೆಗೆದ ಮೇಲೂ ಎರಡೂ ಸ್ಟೇಷನ್‌ಗಳಲ್ಲಿ ಒಟ್ಟಿಗೆ ಕಾಣುವ ದೋಷ ಉಳಿದರೆ ಆಗ ಬಲಗಳಿಗೆ ಬನ್ನಿ. ಮೊದಲ ಶಂಕೆ ಸೂರ್ಯಕಿರಣದ ಒತ್ತಡದ ಮೇಲೆ. ಜಿಪಿಎಸ್ ಮೇಲೆ ಅದರ ವೇಗವರ್ಧನೆ ಸೆಕೆಂಡ್ ವರ್ಗಕ್ಕೆ ಒಂದು ಮೀಟರಿನ ಕೋಟಿಯ ಒಂದು ಭಾಗದ ಆಸುಪಾಸು. ಅದರಲ್ಲಿ ಶೇಕಡಾ ಒಂದು ತಪ್ಪಿದರೂ ಕಕ್ಷೆಯಲ್ಲಿ ಕಾಣುತ್ತದೆ.

ಉಳಿಕೆಯನ್ನು ಕಾಲದ ಬದಲು ಬೀಟಾ ಕೋನದ ಎದುರು ಹಾಕಿ ನೋಡಿ. ಬೀಟಾ ಎಂದರೆ ಕಕ್ಷಾತಲಕ್ಕೂ ಸೂರ್ಯನಿಗೂ ನಡುವಿನ ಕೋನ. ಎಲ್ಲ ಬೀಟಾದಲ್ಲೂ ನಿಧಾನವಾಗಿ ಬದಲಾಗುವ ದೋಷ ಇದ್ದರೆ ಸೂರ್ಯಕಿರಣದ ಮಾದರಿ. ಬೀಟಾ ಸೊನ್ನೆಯಿಂದ 14 ಡಿಗ್ರಿಯೊಳಗೆ ಮಾತ್ರ ಇದ್ದರೆ ಗ್ರಹಣಕಾಲ. ಆಗ ಜಿಪಿಎಸ್ ಉಪಗ್ರಹ ಪ್ರತಿ ಸುತ್ತಿನಲ್ಲಿ ಗರಿಷ್ಠ 55 ನಿಮಿಷದಷ್ಟು ಭೂಮಿಯ ನೆರಳಿನಲ್ಲಿರುತ್ತದೆ. ಬೀಟಾ ತೀರ ಚಿಕ್ಕದಾದಾಗ ಉಪಗ್ರಹ ತಿರುಗಬೇಕಾದ ವೇಗದಲ್ಲಿ ತಿರುಗಲಾರದು. ಮಾದರಿ ಹೇಳುವ ಮುಖ ಒಂದು ಕಡೆ, ಉಪಗ್ರಹದ ನಿಜ ಮುಖ ಇನ್ನೊಂದು ಕಡೆ ಇರುತ್ತದೆ. ಯಾವ್ (ಉಪಗ್ರಹ ತನ್ನ ಅಕ್ಷದ ಸುತ್ತ ತಿರುಗುವ) ಮಾದರಿಯನ್ನು ಆ ಉಪಗ್ರಹದ ಬ್ಲಾಕ್‌ಗೆ, ಅಂದರೆ ತಲೆಮಾರಿಗೆ ತಕ್ಕಂತೆ ಆಯ್ಕೆ ಮಾಡಿ.

ಕೋಡ್ (CODE) ಎಂಬ ವಿಶ್ಲೇಷಣಾ ಕೇಂದ್ರದ ಐದು ಪ್ಯಾರಾಮೀಟರಿನ ಇಕಾಮ್ ಎಂಬ ಸೂರ್ಯಕಿರಣದ ಒತ್ತಡದ ಮಾದರಿ ಜಿಪಿಎಸ್‌ಗೆ ಸರಿಹೋಗುತ್ತದೆ. ಉದ್ದನೆಯ ಮೈಯ ಗೆಲಿಲಿಯೋಗೆ ಅದನ್ನೇ ಹಾಕಿದರೆ ಚಿಕ್ಕ ಬೀಟಾದಲ್ಲಿ ರೇಡಿಯಲ್ ದೋಷ ಡೆಸಿಮೀಟರ್ ಮಟ್ಟಕ್ಕೆ ಏರುತ್ತದೆ. ಅಲ್ಲಿ ಇಕಾಮ್-2 ಅಥವಾ ಉಪಗ್ರಹದ ಆಕಾರ, ರೆಕ್ಕೆಯ ಅಳತೆ ಸೇರಿಸಿದ ಬಾಕ್ಸ್-ವಿಂಗ್ ಮಾದರಿ ಬೇಕು. ಆಮೇಲೆ ಭೂಮಿಯಿಂದ ಪ್ರತಿಫಲಿಸುವ ಬೆಳಕು ಸೇರಿಸಿ, ರೇಡಿಯಲ್ ಒಂದೆರಡು ಸೆಂಟಿಮೀಟರ್ ಬದಲಾಗುತ್ತದೆ. ಉಪಗ್ರಹದ ಆಂಟೆನಾ ಭೂಮಿಯ ಕಡೆ ಸಿಗ್ನಲ್ ಚೆಲ್ಲುವಾಗ ಆಗುವ ಹಿಮ್ಮೆಟ್ಟು ಕೂಡ ಕೆಲವು ಮಿಲಿಮೀಟರಿನಿಂದ 2.7 ಸೆಂಟಿಮೀಟರ್‌ವರೆಗೆ ತರುತ್ತದೆ. ಒಂದೊಂದನ್ನೂ ಸೇರಿಸಿದಾಗ ಹಂತ 3ರ ಗ್ರಾಫ್ ಮತ್ತೆ ಹಾಕಿ.

ನಾವಿಕ್‌ಗೆ ಬೇರೆಯೇ ತೊಂದರೆ. ಭೂಸ್ಥಿರ ಉಪಗ್ರಹ ನಮ್ಮಿಂದ ನೋಡಿದರೆ ಹೆಚ್ಚು ಕದಲುವುದಿಲ್ಲ, ಹಾಗಾಗಿ ಗಡಿಯಾರದ ದೋಷಕ್ಕೂ ಕಕ್ಷೆಯ ದೋಷಕ್ಕೂ ಗೆರೆ ಎಳೆಯಲು ಜ್ಯಾಮಿತಿ ಸಾಲದು. ಇಕಾಮ್‌ನ ಎಲ್ಲ ಪ್ಯಾರಾಮೀಟರ್‌ಗಳನ್ನೂ ಮುಕ್ತವಾಗಿ ಅಂದಾಜು ಮಾಡಲು ಬಿಟ್ಟರೆ ಲೆಕ್ಕ ಸಡಿಲವಾಗುತ್ತದೆ. ನಾವಿಕ್ ಉಪಗ್ರಹಗಳಲ್ಲಿ ಲೇಸರ್ ಪ್ರತಿಫಲಕಗಳಿವೆ, ಲೇಸರ್ ದೂರ ಗಡಿಯಾರವನ್ನು ಅವಲಂಬಿಸುವುದಿಲ್ಲ. ಅದರಿಂದ ರೇಡಿಯಲ್ ದೋಷವನ್ನು ಬೇರೆಯಾಗಿ ಅಳೆಯಿರಿ.

## 9. ಉಳಿದದ್ದನ್ನು ಫಿಲ್ಟರಿಗೆ ಕೊಟ್ಟು ಪರಿಶೀಲಿಸಿ

ಮೂಲ ಗೊತ್ತಾಗಿಯೂ ತೆಗೆಯಲಾಗದ ದೋಷವನ್ನು ಗಾಸ್-ಮಾರ್ಕೊವ್ ಪ್ರಕ್ರಿಯೆಯಾಗಿ (ಹಿಂದಿನ ಬೆಲೆಗೆ ಅಂಟಿಕೊಂಡಿದ್ದು ಕ್ರಮೇಣ ಬಿಡುವ ದೋಷವಾಗಿ) ಕಕ್ಷೆ ಅಂದಾಜು ಮಾಡುವ ಫಿಲ್ಟರಿನಲ್ಲಿಡಿ. ಹಂತ 4ರಲ್ಲಿ ಅಳೆದ ಸಹಸಂಬಂಧದ ಕಾಲವನ್ನೇ ಬಳಸಿ, ಸಾಫ್ಟ್‌ವೇರಿನ ಸಿದ್ಧ ಸಂಖ್ಯೆಯನ್ನಲ್ಲ. ಕಾಲ ತೀರ ಚಿಕ್ಕದಿಟ್ಟರೆ ಹುಸಿ ನಿಖರತೆ ಮರಳಿ ಬರುತ್ತದೆ, ತೀರ ದೊಡ್ಡದಿಟ್ಟರೆ ನಿಜವಾದ ಕಕ್ಷಾಚಲನೆಯನ್ನೂ ಅದು ನುಂಗುತ್ತದೆ.

ಪರಿಶೀಲನೆಗೆ ದಿನದ ಸಂಧಿ ನೋಡಿ. ಎರಡು ದಿನಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಎರಡು ಕಕ್ಷೆಗಳೂ ಜಿಪಿಎಸ್ ಮಧ್ಯರಾತ್ರಿಯಲ್ಲಿ ಎಷ್ಟು ತಪ್ಪುತ್ತವೆ ಅಳೆದು, 2ರ ವರ್ಗಮೂಲದಿಂದ ಭಾಗಿಸಿ. ನಮ್ಮ ಗಡಿಯಾರದಲ್ಲಿ ಅದು ಬೆಳಿಗ್ಗೆ ಐದೂವರೆ, ಭಾರತೀಯ ಸಮಯದಲ್ಲಿ ಹಾಕಿದ ಗ್ರಾಫ್‌ನಲ್ಲಿ ಅಲ್ಲೇ ನೋಡಿ. ಮೂರು ದಿನದ ಆರ್ಕ್‌ಗಳನ್ನು ಒಂದರ ಮೇಲೊಂದಿಟ್ಟು ಎಷ್ಟು ಚೆನ್ನಾಗಿ ಹೊಂದುತ್ತದೆ ಎನ್ನಬೇಡಿ, ಎರಡರಲ್ಲೂ ಇರುವುದು ಅದೇ ಡೇಟಾ.

ವರದಿಯಲ್ಲಿ ಪ್ರತಿ ಅನಿಶ್ಚಿತತೆಯ ಪಕ್ಕದಲ್ಲಿ ಸಹಸಂಬಂಧದ ಕಾಲ, ಸ್ವತಂತ್ರ ಅಳತೆಗಳ ಸಂಖ್ಯೆ, ಆಂಟೆಕ್ಸ್ ಫೈಲಿನ ಹೆಸರು, ಆ ದಿನಗಳ ಬೀಟಾ ಕೋನ ಇಷ್ಟನ್ನೂ ಬರೆಯಿರಿ. ದಿನದ ಸಂಧಿಯಲ್ಲಿ ಕಂಡ ಅಂತರ ಸಾಫ್ಟ್‌ವೇರ್ ಹೇಳಿದ ಸಂಖ್ಯೆಗಿಂತ ಮೂರು ಪಟ್ಟಿಗೂ ಹೆಚ್ಚಿದ್ದರೆ ವರದಿಗೆ ಹೋಗಬೇಕಾದದ್ದು ಸಂಧಿಯ ಸಂಖ್ಯೆ, ಮರಳಿ ಹೋಗಬೇಕಾದದ್ದು ಹಂತ 5ಕ್ಕೆ.